ಹಾಡಿಗೆ ಹುಲಿ ಬಂದ ದಾರಿ

ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದ ಬುಡಕ್ಕೆ ಬರುವ ಹೊತ್ತಿಗೆ ಪರಸೆಯವರ ಕಾಲು ಸೋತಿರುತ್ತದೆ, ಗಂಟಲು ಸೋತಿರುವುದಿಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿಯ ಆಸುಪಾಸಿನಲ್ಲಿ ಮೈಸೂರು, ಮಂಡ್ಯ, ರಾಮನಗರದ ಕಡೆಯಿಂದ ನಡೆದು ಬರುವ ಮಲೆ ಮಹದೇಶ್ವರನ, ಅಂದರೆ ಮಾದಪ್ಪನ, ಒಕ್ಕಲಿಗೆ ಇದು ಕೊನೆಯ ಏರು. ಕನಕಪುರದ ಕಡೆಯವರಲ್ಲಿ ಕೆಲವರು ಸಂಗಮದ ಹತ್ತಿರ ಕಾವೇರಿಯನ್ನು ನಡೆದೇ ದಾಟಿ ಕಾಡಿನ ಒಳದಾರಿ ಹಿಡಿಯುತ್ತಾರೆ. ಅವರು ತುಳಿಯುವ ನೆಲ ಸರ್ಕಾರದ ಕಾಗದದಲ್ಲಿ ಕಾವೇರಿ ವನ್ಯಧಾಮ ಮತ್ತು ಮಲೆ ಮಹದೇಶ್ವರ ವನ್ಯಧಾಮ. ಆನೆ, ಚಿರತೆ, ಕರಡಿ, ಹುಲಿ ಇರುವ ಕಾಡು. ಅವರು ಹಾಡುವ ಹಾಡಿನಲ್ಲಿಯೂ ಹುಲಿ ಇದೆ, ಆನೆಮಲೆ ಇದೆ, ಜೇನುಮಲೆ ಇದೆ.

ಹಾಗಾದರೆ ಕಾಡಿನ ಹುಲಿಯೇ ಹಾಡಿಗೆ ಬಂದಿತೇ? ಮೊದಲ ನೋಟಕ್ಕೆ ಇದು ಕೇಳಬೇಕಾದ ಪ್ರಶ್ನೆಯೇ ಅಲ್ಲವೆನಿಸುತ್ತದೆ. ಕಾಡಿನಲ್ಲಿ ನಡೆದವರು ಕಾಡನ್ನು ಹಾಡಿದರು, ಅಷ್ಟೇ ತಾನೆ. ಆದರೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹಾಡುಗಳನ್ನು ಸಂಗ್ರಹಿಸಿದವರು, ಪುರಾಣ ಓದಿದವರು, ಹಕ್ಕಿಗಳ ದನಿ ಅಳೆದವರು ಕೊಡುವ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಈ ಜಗಳ ನಮ್ಮ ಬೆಟ್ಟಗಳಿಗೇ ಸೀಮಿತವೂ ಅಲ್ಲ.

ಹಡಗಿನ ಅಡಿಯ ಹಾಡು

ದೂರ ಪ್ರಯಾಣದಲ್ಲಿ ಎದುರಾದ ಪ್ರಾಣಿಯಿಂದ ಸಂಗೀತ ಹುಟ್ಟಿತು ಎಂಬ ಮಾತಿಗೆ ಇಪ್ಪತ್ತನೇ ಶತಮಾನ ಕೊಟ್ಟ ದೊಡ್ಡ ಉದಾಹರಣೆ ತಿಮಿಂಗಿಲ. ನಾವಿಕರು ನೂರಾರು ವರ್ಷ ತಿಮಿಂಗಿಲಗಳ ನಡುವೆಯೇ ಓಡಾಡಿದರು. ಕಂಡದ್ದನ್ನು ಹಾಡಿದರು, ಕೊಂದದ್ದನ್ನೂ ಹಾಡಿದರು. ಆದರೆ ಆ ಪ್ರಾಣಿಯೇ ಹಾಡುತ್ತದೆ ಎಂಬುದು ಲೋಕಕ್ಕೆ ತಿಳಿದದ್ದು ನೀರಿನೊಳಗೆ ಮೈಕು ಇಳಿಸಿದ ಮೇಲೆ. ಬರ್ಮುಡಾದಲ್ಲಿ ಅಮೆರಿಕದ ನೌಕಾಪಡೆಗಾಗಿ ಕೆಲಸ ಮಾಡುತ್ತಿದ್ದ ಫ್ರಾಂಕ್ ವಾಟ್ಲಿಂಗ್ಟನ್ ಧ್ವನಿಮುದ್ರಿಸಿದ್ದನ್ನು ರೋಜರ್ ಪೇನ್ ಮತ್ತು ಕೇಟಿ ಪೇನ್ ದಂಪತಿ ಕೇಳಿದರು. 1970ರಲ್ಲಿ ಅದು ಧ್ವನಿತಟ್ಟೆಯಾಗಿ ಹೊರಬಂತು. 1971ರಲ್ಲಿ ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ ‘ಸೈನ್ಸ್’ ಪತ್ರಿಕೆಯಲ್ಲಿ ಅದರ ರಚನೆಯನ್ನು ವಿವರಿಸಿದರು: ತುಣುಕು ತುಣುಕಾಗಿ ಕಟ್ಟಿದ, ಕ್ರಮವಾಗಿ ಮರುಕಳಿಸುವ ಹಾಡು. ಅದೇ 1970ರಲ್ಲಿ ಅಲನ್ ಹೊವಾನೆಸ್ ತಿಮಿಂಗಿಲದ ಧ್ವನಿಮುದ್ರಣವನ್ನೇ ವಾದ್ಯವೃಂದದ ನಡುವೆ ಕೂರಿಸಿದರು. ಮರುವರ್ಷ ಜಾರ್ಜ್ ಕ್ರಂಬ್ ಮೂವರು ವಾದಕರಿಗಾಗಿ ಬರೆದ ಕೃತಿಗೆ ತಿಮಿಂಗಿಲದ ದನಿಯೆಂದೇ ಹೆಸರಿಟ್ಟರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಇವರಿಬ್ಬರ ಸಂಗೀತಕ್ಕೆ ಮೂಲ ಟೇಪಿನಲ್ಲಿ ಬಂದ ದನಿ. ಹಡಗಿನ ಕಟಕಟೆಗೆ ಒರಗಿ ತಿಮಿಂಗಿಲ ನೋಡಿದ ಪುಳಕ ಅದಕ್ಕೆ ಬೇಕಾಗಲಿಲ್ಲ. ಕಣ್ಣಿಗೆ ಬಿದ್ದ ಪ್ರಾಣಿ ಒಂದು ಬಗೆಯಲ್ಲಿ ಹಾಡಿಗೆ ಬರುತ್ತದೆ, ಕಿವಿಗೆ ಬಿದ್ದದ್ದು ಇನ್ನೊಂದು ಬಗೆಯಲ್ಲಿ. ಕೊಳ್ಳೇಗಾಲದ ಸುತ್ತಿನ ಹಾಡುಗಳ ಬಗೆಗಿನ ವಾದಗಳನ್ನು ಬಿಡಿಸಲು ಈ ವ್ಯತ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ.

ಏಳು ಸ್ವರ, ಏಳು ಪ್ರಾಣಿ

ಎಲ್ಲಕ್ಕಿಂತ ಹಳೆಯದು ಅನುಕರಣೆಯ ವಾದ. ಮನುಷ್ಯ ಹಾಡು ಕಲಿತದ್ದು ಹಕ್ಕಿಯಿಂದ ಎಂದು ಕ್ರಿಸ್ತಪೂರ್ವ ಒಂದನೇ ಶತಮಾನದ ರೋಮನ್ ಕವಿ ಲುಕ್ರೀಶಿಯಸ್ ಹೇಳಿದ. ನಮ್ಮಲ್ಲಿ ನಾರದೀಯ ಶಿಕ್ಷೆ ಏಳು ಸ್ವರಗಳಿಗೆ ಏಳು ಪ್ರಾಣಿಗಳನ್ನು ಹೊಂದಿಸಿತು. ಷಡ್ಜಕ್ಕೆ ನವಿಲು, ಪಂಚಮಕ್ಕೆ ಕೋಗಿಲೆ, ನಿಷಾದಕ್ಕೆ ಆನೆ. ಹದಿಮೂರನೇ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ ‘ಸಂಗೀತ ರತ್ನಾಕರ’ ಬರೆಯುವಾಗ ಪಟ್ಟಿ ತುಸು ಬದಲಾಗಿತ್ತು: ರಿಷಭಕ್ಕೆ ಹಸುವಿನ ಜಾಗದಲ್ಲಿ ಚಾತಕ ಬಂತು, ಧೈವತಕ್ಕೆ ಕುದುರೆಯ ಜಾಗದಲ್ಲಿ ಕಪ್ಪೆ. ಆ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದವನು. ಆದ್ದರಿಂದ ಈ ಪಟ್ಟಿ ಕನ್ನಡ ನಾಡಿನ ಸಂಗೀತ ಪಾಠದೊಳಗೂ ಆಳವಾಗಿ ಇಳಿದಿದೆ.

ಪಟ್ಟಿ ಬದಲಾದದ್ದೇ ಈ ವಾದದ ಬಲಹೀನತೆಯನ್ನು ತೋರಿಸುತ್ತದೆ. ಹಸು, ಚಾತಕ ಎರಡೂ ಒಂದೇ ಸ್ವರದಲ್ಲಿ ಕೂಗಲಾರವು. ಶಾಸ್ತ್ರಕಾರರು ದನಿ ಅಳೆದು ಸ್ವರ ಹುಡುಕಲಿಲ್ಲ. ಇದ್ದ ಸ್ವರಗಳಿಗೆ ಪ್ರಾಣಿಗಳನ್ನು ಹಂಚಿದರು. ಆನೆಯ ವಿಷಯದಲ್ಲಂತೂ ಇದು ಇನ್ನೂ ಸ್ವಾರಸ್ಯಕರ. ತಿಮಿಂಗಿಲದ ಹಾಡಿನಿಂದ ಕೆಲಸ ಶುರುಮಾಡಿದ ಕೇಟಿ ಪೇನ್ 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಾಗ ಗಾಳಿಯಲ್ಲಿ ಏನೋ ಮಿಡಿದಂತಾಯಿತು. ಆನೆಗಳು ಮನುಷ್ಯನ ಕಿವಿಗೆ ನಿಲುಕದಷ್ಟು ತಗ್ಗಿನ ದನಿಯಲ್ಲಿ ಮಾತಾಡಿಕೊಳ್ಳುತ್ತವೆ ಎಂಬುದು ಹೀಗೆ ಗೊತ್ತಾಯಿತು. ಸಪ್ತಕದ ಮೇಲ್ತುದಿಯ ಸ್ವರವನ್ನು ಪಡೆದ ಪ್ರಾಣಿ ತನ್ನ ಸಂಭಾಷಣೆಯ ಒಂದು ದೊಡ್ಡ ಪಾಲನ್ನು ನಮ್ಮ ಕೇಳ್ಮೆಯ ಕೆಳಗೇ ಇಟ್ಟುಕೊಂಡಿದೆ. ಶಾಸ್ತ್ರಕಾರರ ಕಿವಿಯಲ್ಲಿದ್ದದ್ದು ಬಹುಶಃ ಅದರ ಘೀಳು ಮಾತ್ರ.

ಆದರೂ ಅನುಕರಣೆಯ ವಾದವನ್ನು ತಳ್ಳಿಹಾಕುವಂತಿಲ್ಲ. ಫ್ರಾನ್ಸಿನ ಒಲಿವಿಯೆ ಮೆಸಿಯಾನ್ ಹೊಲ, ಕಾಡು ಅಲೆದು ಹಕ್ಕಿಗಳ ಕೂಗನ್ನು ಸ್ವರಲಿಪಿಯಲ್ಲಿ ಬರೆದುಕೊಂಡು 1956ರಿಂದ 1958ರ ನಡುವೆ ಪಿಯಾನೋಗೆ ಹದಿಮೂರು ಕೃತಿ ರಚಿಸಿದ. ಹಾಗೆ ಕಿವಿಗೊಟ್ಟು ಕೂತವರಿಗೆ ಅನುಕರಣೆ ಸಾಧ್ಯ. ನೂರು ಜನ ಒಟ್ಟಿಗೆ ಕೂಗಿಕೊಂಡು ನಡೆಯುವ ಪರಸೆಯಲ್ಲಿ ಅದು ಸಾಧ್ಯವೇ ಎಂಬುದು ಬೇರೆ ಮಾತು.

ಕಾಣದೆಯೂ ಬಣ್ಣಿಸಬಹುದು

ಅನುಕರಣೆಗೆ ನೇರ ಎದುರಾದದ್ದು ಸಂಪ್ರದಾಯದ ವಾದ. ಪ್ರಾಣಿ ಹಾಡಿಗೆ ಬರಲು ಪ್ರಾಣಿಯೇ ಬೇಕಿಲ್ಲ, ಹಳೆಯ ಹಾಡೊಂದಿದ್ದರೆ ಸಾಕು ಎಂಬುದು ಇದರ ತಿರುಳು. ಕನ್ನಡದ ಮಹಾಕವಿಗಳಿಗೆ ಅಷ್ಟಾದಶ ವರ್ಣನೆಗಳಲ್ಲಿ ಕಡಲೂ ಒಂದು, ಬೆಟ್ಟವೂ ಒಂದು. ಕಡಲಿನಿಂದ ನೂರಾರು ಮೈಲಿ ದೂರದ ಒಳನಾಡಿನ ಕವಿಯೂ ತೆರೆ, ಮೀನು, ಮೊಸಳೆಗಳ ಸಮೇತ ಸಮುದ್ರವನ್ನು ಬಣ್ಣಿಸಲೇಬೇಕಿತ್ತು. ಯಳಂದೂರಿನ ನಂಟಿದ್ದ ಹದಿನೇಳನೇ ಶತಮಾನದ ಷಡಕ್ಷರದೇವ ‘ರಾಜಶೇಖರ ವಿಳಾಸ’ ಬರೆದದ್ದು ಈ ಪರಂಪರೆಯೊಳಗೆ ನಿಂತು. ಬಿಳಿಗಿರಿರಂಗನ ಬೆಟ್ಟ ಕಣ್ಣಳತೆಯಲ್ಲಿದ್ದ ಊರಿನ ಕವಿಗೂ ಕಾವ್ಯದ ಬೆಟ್ಟ ಪುಸ್ತಕದಿಂದ ಬರಬಹುದಿತ್ತು.

ಜನಪದ ಹಾಡಿಗೆ ಇದು ಅನ್ವಯಿಸುವುದಿಲ್ಲ, ಜನಪದರು ಕಂಡದ್ದನ್ನೇ ಹಾಡುತ್ತಾರೆ ಎಂದು ನಂಬುವವರು ಈಗಲೂ ಬಹಳ. ಮಾದಪ್ಪನ ಹುಲಿ ಈ ನಂಬಿಕೆಗೆ ಸವಾಲು.

ಹುಲಿವಾಹನ ಎಂಬ ಅಧಿಕಾರ

ದೇವರಗುಡ್ಡರು ಗುರುಮನೆಯಲ್ಲಿ ದೀಕ್ಷೆ ಪಡೆದು ಕಂಸಾಳೆ ಹಿಡಿದು ಹಾಡುವ ಮಾದೇಶ್ವರ ಕಾವ್ಯ ಒಂದೇ ಉಸಿರಿಗೆ ಮುಗಿಯುವಂಥದ್ದಲ್ಲ. ಅದನ್ನು ‘ಸಾಲು’ಗಳಾಗಿ ಹಾಡುತ್ತಾರೆ: ಶ್ರವಣದೊರೆಯ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು. ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ಜನಪದ ಕಾವ್ಯಗಳ ಅಧ್ಯಯನದಲ್ಲಿ ಈ ಗಾಯಕ ವೃತ್ತಿಯನ್ನು ಶಾಸ್ತ್ರೀಯವಾಗಿ ನೋಡಿದರು. ಪಿ.ಕೆ. ರಾಜಶೇಖರ ಅವರು 1970ರ ದಶಕದಲ್ಲಿ ಕಾವ್ಯವನ್ನು ಅಚ್ಚಿಗೆ ತಂದರು. ಕೆ. ಕೇಶವನ್ ಪ್ರಸಾದ್ ಅವರು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರಿಂದ ಸಂಗ್ರಹಿಸಿದ ಪಾಠ ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅವರ ಅನುವಾದದಲ್ಲಿ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿಗೂ ಹೋಯಿತು.

ಈ ಕಾವ್ಯದ ಮಾದಪ್ಪ ಹುಲಿಯ ಬೆನ್ನೇರಿ ಮಲೆಯಲ್ಲಿ ತಿರುಗುವ ದೇವರು. ಬೆಟ್ಟದಲ್ಲಿ ಹುಲಿವಾಹನ ಉತ್ಸವ ಇವತ್ತಿಗೂ ಭಕ್ತರು ಹರಸಿಕೊಳ್ಳುವ ಸೇವೆ. 2023ರಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ಪ್ರತಿಮೆಯೂ ಹುಲಿಯ ಮೇಲೆಯೇ ಕೂತಿದೆ. ಇದನ್ನು ಕಾಡಿನ ನೆನಪು ಎನ್ನದೆ ಅಧಿಕಾರದ ಚಿತ್ರ ಎಂದು ಓದುವವರ ವಾದ ಹೀಗೆ: ಹೊರಗಿನಿಂದ ಬಂದ ಶರಣನೊಬ್ಬ ಈ ಮಲೆಗೆ ಒಡೆಯನಾಗಬೇಕಾದರೆ ಮಲೆಯ ಹಳೆಯ ಒಡೆಯನನ್ನು ಪಳಗಿಸಬೇಕು. ಸಂಕಮ್ಮ ನೀಲೇಗೌಡರ ಬೇಟೆಗಾರ ಮನೆತನ, ಕುರುಬರ ಜುಂಜೇಗೌಡ, ಕಾಡಿನ ಹುಲಿ, ಎಲ್ಲರೂ ಒಬ್ಬೊಬ್ಬರಾಗಿ ಮಾದಪ್ಪನ ಒಕ್ಕಲಾಗುತ್ತಾರೆ. ಹುಲಿಯೂ ಒಕ್ಕಲೇ.

ಇದಕ್ಕೆ ಬಲ ಕೊಡುವ ಸಾಕ್ಷ್ಯ ಬೆಟ್ಟದಿಂದ ಬಹು ದೂರದಲ್ಲಿದೆ. ಮಹಾರಾಷ್ಟ್ರದ ಚಾಂಗದೇವ ಹಾವನ್ನು ಚಾವಟಿ ಮಾಡಿಕೊಂಡು ಹುಲಿಯೇರಿ ಬಂದಾಗ ಜ್ಞಾನೇಶ್ವರ ಕೂತಿದ್ದ ಗೋಡೆಯನ್ನೇ ನಡೆಸಿಕೊಂಡು ಎದುರುಗೊಂಡ ಕತೆ ಮನೆಮಾತು. ಇಂಥದ್ದೇ ಕತೆ ಉಪಖಂಡದ ಹಲವು ಸೂಫಿ ಸಂತರ ಸುತ್ತ ಹೆಣೆದುಕೊಂಡಿರುವುದನ್ನು ಇತಿಹಾಸಕಾರ ಸೈಮನ್ ಡಿಗ್ಬಿ 1994ರ ಲೇಖನದಲ್ಲಿ ಬಿಡಿಸಿ ತೋರಿಸಿದ. ಪಡುವಣ ಘಟ್ಟದಲ್ಲಿ ಅಯ್ಯಪ್ಪನೂ ಹುಲಿಯ ಮೇಲೆಯೇ ಬರುತ್ತಾನೆ. ಅಂದರೆ ಹುಲಿಯೇರಿದ ಸಂತ ಕಾಲ್ನಡಿಗೆಯಲ್ಲಿ ದೇಶ ಸುತ್ತಿದ ಕತೆ. ಅದು ಹುಲಿ ಇಲ್ಲದ ಊರಿನಲ್ಲೂ ಇಳಿದುಕೊಂಡಿದೆ.

ಈ ವಾದ ತುಂಬ ವಿವರಿಸುತ್ತದೆ, ಆದರೆ ಎಲ್ಲವನ್ನೂ ಅಲ್ಲ. ಮಾದಪ್ಪನ ಹುಲಿ ಕತೆಯಿಂದಲೇ ಬಂದಿರಲಿ. ಆ ಕತೆ ಇಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿದ್ದೇಕೆ? ಕಾಡಿನ ಒಳದಾರಿಯಲ್ಲಿ ಹೆಜ್ಜೆಗುರುತು ನೋಡಿ ಹೆದರಿದವನಿಗೆ ಹುಲಿಯನ್ನೇ ಕುದುರೆ ಮಾಡಿಕೊಂಡ ದೇವರು ಎಷ್ಟು ದೊಡ್ಡ ಧೈರ್ಯ ಎಂಬುದನ್ನು ಕತೆಗಳ ನಕ್ಷೆ ಹೇಳಲಾರದು. ಅದೇನೇ ಇರಲಿ, ಈ ಹುಲಿ ಕಣ್ಣಿಗಾಗಿ ಇರುವ ಹುಲಿ. ಅದು ಉತ್ಸವದಲ್ಲಿ ಮೆರೆಯುತ್ತದೆ, ಫೋಟೋದಲ್ಲಿ ಕೂರುತ್ತದೆ. ಕಂಸಾಳೆಯ ಲಯದಲ್ಲಾಗಲಿ ದಾಟಿಯಲ್ಲಾಗಲಿ ಅದರ ದನಿಯನ್ನು ಹುಡುಕುವುದು ಕಷ್ಟ.

ಸೋಲಿಗರ ಕಿವಿ

ಕಿವಿಯ ಕಡೆಯಿಂದ ಹೊರಟರೆ ಯಳಂದೂರಿನ ಮೇಲಿನ ಬೆಟ್ಟಕ್ಕೆ ಹೋಗಬೇಕು. ಬಿಳಿಗಿರಿರಂಗನ ಬೆಟ್ಟದ ಪೋಡು ಎಂಬ ಹಾಡಿಗಳಲ್ಲಿ ಕಾಡುಜನರಾದ ಸೋಲಿಗರು ಹಬ್ಬದ ರಾತ್ರಿ ಸುತ್ತುಗಟ್ಟಿ ಕುಣಿಯುವ ‘ಗೊರುಕನ’ದ ಹಾಡುಗಳಲ್ಲಿ ಮರ, ಹಕ್ಕಿ, ಪ್ರಾಣಿ, ನೆಂಟರಿಷ್ಟರು ಎಲ್ಲ ಒಂದೇ ಸಾಲಿನಲ್ಲಿ ಬರುತ್ತಾರೆ. ಬೆಟ್ಟದ ರಂಗನಾಥ ಅವರಿಗೆ ಕುಸುಮಾಲೆಯನ್ನು ಮದುವೆಯಾದ ಭಾವ. ಭಾವನನ್ನು ಗೇಲಿ ಮಾಡಬಹುದು, ರೇಗಿಸಬಹುದು. ಹುಲಿವೀರಪ್ಪನೆಂಬ ಹೆಸರಿನಲ್ಲಿ ಹುಲಿಗೂ ಪೂಜೆ ಉಂಟು. ಇದು ನೆಂಟಸ್ತನದ ವಾದಕ್ಕೆ ದಾರಿ ಮಾಡಿದೆ: ಇಲ್ಲಿ ಪ್ರಾಣಿ ಸ್ಫೂರ್ತಿ ಕೊಡುವ ಹೊರಗಿನ ವಸ್ತುವಲ್ಲ, ಹಾಡುವ ಕುಲದ ಒಳಗಿನ ಪಾತ್ರ.

ಈ ವಾದಕ್ಕೆ ಹೊರಗಿನ ದೊಡ್ಡ ಆಧಾರ ಸ್ಟೀವನ್ ಫೆಲ್ಡ್ 1982ರಲ್ಲಿ ಪ್ರಕಟಿಸಿದ ಪಪುವಾ ನ್ಯೂಗಿನಿಯ ಕಲುಲಿ ಜನರ ಅಧ್ಯಯನ. ಅಲ್ಲಿ ಕಾಡಿನ ಹಕ್ಕಿಗಳು ಸತ್ತವರ ದನಿ. ಹೆಂಗಸರ ಅಳುಹಾಡಿನ ಇಳಿಸ್ವರಗಳು ಒಂದು ಪಾರಿವಾಳದ ಕೂಗಿನ ಇಳಿಸ್ವರಗಳನ್ನೇ ಹೋಲುತ್ತವೆ ಎಂದು ಫೆಲ್ಡ್ ತೋರಿಸಿದ. ಅನುಕರಣೆ, ನಂಬಿಕೆ, ದುಃಖ ಮೂರನ್ನೂ ಅಲ್ಲಿ ಬೇರ್ಪಡಿಸಲಾಗದು.

ಸೋಲಿಗರ ಹಾಡಿನ ಬಗ್ಗೆ ಅಂಥ ಮಾತು ಹೇಳುವಷ್ಟು ಸಂಗೀತದ ವಿಶ್ಲೇಷಣೆ ಕೈಗೆ ಸಿಗದಿದ್ದರೂ ಅವರ ಕಿವಿಯ ಬಗ್ಗೆ ಒಳ್ಳೆಯ ಕೆಲಸ ಆಗಿದೆ. ಭಾಷಾವಿಜ್ಞಾನಿ ಆಂಗ್ ಸಿ ಮತ್ತು ಪಕ್ಷಿ ಸಂಶೋಧಕಿ ಸಮೀರಾ ಅಗ್ನಿಹೋತ್ರಿ 2012ರಲ್ಲಿ ಸೋಲಿಗರ ಪಕ್ಷಿಜ್ಞಾನದ ಬಗ್ಗೆ ಬರೆದರು. ಹಕ್ಕಿಯ ಕೂಗಿನಿಂದಲೇ ಹುಟ್ಟಿದ ಹೆಸರುಗಳು ಸೋಲಿಗ ನುಡಿಯಲ್ಲಿವೆ. ದಟ್ಟ ಕಾಡಿನಲ್ಲಿ ಹಕ್ಕಿ ಕಾಣುವುದಕ್ಕೆ ಮೊದಲು ಕೇಳಿಸುತ್ತದೆ, ಎಷ್ಟೋ ಸಲ ಕಾಣುವುದೇ ಇಲ್ಲ. ಆ ಹೆಸರು ಹಾಡಿನಲ್ಲಿ ಬಂದಾಗ ಹೆಸರಿನ ಜೊತೆಗೆ ಕೂಗೂ ಬರುತ್ತದೆ. ಗಾಯಕ ಅನುಕರಿಸಬೇಕೆಂದು ಹೊರಡಬೇಕಿಲ್ಲ, ಭಾಷೆಯೇ ಮೊದಲೇ ಅನುಕರಿಸಿ ಇಟ್ಟಿದೆ. ಈ ಸೀಮೆಯ ಮಟ್ಟಿಗೆ ಅನುಕರಣೆಯ ವಾದಕ್ಕೆ ಸಿಗುವ ಅತ್ಯಂತ ಗಟ್ಟಿ ನೆಲ ಇದು. ಸ್ವರಪಟ್ಟಿಯ ನವಿಲು, ಆನೆಗಳಿಗಿಂತ ಇದು ಎಷ್ಟೋ ನಂಬಲರ್ಹ.

ಅದೇ ಬೆಟ್ಟದಲ್ಲಿ ವಾದವನ್ನು ತಲೆಕೆಳಗು ಮಾಡುವ ಹಕ್ಕಿಯೊಂದಿದೆ. ಬಾಲದಿಂದ ಎರಡು ಉದ್ದ ತಂತಿ ಇಳಿದು ತುದಿಯಲ್ಲಿ ಗರಿ ಅರಳಿರುವ ದೊಡ್ಡ ಕಾಜಾಣ ಬೇರೆ ಹಕ್ಕಿಗಳ, ಪ್ರಾಣಿಗಳ ಕೂಗನ್ನು ಕದಿಯುವುದರಲ್ಲಿ ಎತ್ತಿದ ಕೈ. ಅಗ್ನಿಹೋತ್ರಿ ಮತ್ತು ಸಂಗಡಿಗರು ಈ ಕಳ್ಳತನ ಎಷ್ಟು ನಿಖರ ಎಂಬುದನ್ನು ಅಳೆದು 2014ರಲ್ಲಿ ಪ್ರಕಟಿಸಿದರು. ಅನುಕರಣೆ ಮನುಷ್ಯನ ಸ್ವತ್ತೇನೂ ಅಲ್ಲ ಎಂದಾಯಿತು. ಕಾಜಾಣ ಅಳಿಲು ಕೂಗಿದಂತೆ ಕೂಗಿದರೆ ಅದನ್ನು ಅಳಿಲಿನಿಂದ ಪಡೆದ ಸ್ಫೂರ್ತಿ ಎಂದು ಯಾರೂ ಕರೆಯುವುದಿಲ್ಲ. ಮನುಷ್ಯ ಮಾಡಿದರೆ ಮಾತ್ರ ಆ ಪದ ಬಳಸುವುದು ಯಾವ ನ್ಯಾಯ ಎಂದು ಡೇವಿಡ್ ರೋಥನ್‌ಬರ್ಗ್‌ನಂಥವರು ಕೇಳಬಹುದು. ಹಕ್ಕಿ, ತಿಮಿಂಗಿಲಗಳ ಜೊತೆ ಕ್ಲಾರಿನೆಟ್ ಊದಿ ಆತ ಅವುಗಳನ್ನು ಸಹವಾದಕರೆಂದೇ ನೋಡುತ್ತಾನೆ. ಇದು ತುಸು ಅತಿಯೆನಿಸುತ್ತದೆ. ತಿಮಿಂಗಿಲ ಮರುನುಡಿಯಿತೋ, ತನ್ನ ಪಾಡಿಗೆ ಹಾಡಿತೋ ಎಂದು ಹೇಳುವವನು ವಾದಕನೇ ಹೊರತು ತಿಮಿಂಗಿಲವಲ್ಲ.

ಹೆಜ್ಜೆ, ಜೇನು, ಭಯ

ಎಲ್ಲಕ್ಕಿಂತ ಸರಳವಾದ ವಾದಕ್ಕೆ ಪಂಡಿತರು ಕೊಟ್ಟಿರುವ ಜಾಗ ಸಣ್ಣದು. ಹಾಡು ಹುಟ್ಟುವುದು ಕೆಲಸದಿಂದ, ನಡಿಗೆಯಿಂದ. ಪ್ರಾಣಿ ಅಲ್ಲಿ ಕೇಳುಗ. ಕತ್ತಲಲ್ಲಿ ಆನೆದಾರಿ ದಾಟುವ ಗುಂಪು ‘ಉಘೇ ಉಘೇ’ ಎಂದು ಕೂಗುವುದು ದೇವರಿಗೂ ಸಲ್ಲುತ್ತದೆ, ಆನೆಗೂ ಮುನ್ಸೂಚನೆ ಕೊಡುತ್ತದೆ. ಹೆಜ್ಜೇನು ಇಳಿಸುವಾಗ ಹಾಡುವ ಪದ್ಧತಿ ದಕ್ಷಿಣದ ಹಲವು ಕಾಡುಜನರಲ್ಲಿ ಉಂಟು. ಮರದ ಮೇಲಿರುವವನ ಧೈರ್ಯ, ಕೆಳಗಿರುವವರ ಎಚ್ಚರ, ಜೇನಿನ ಮೇಲಿನ ಮರ್ಯಾದೆ ಮೂರೂ ಆ ಹಾಡಿನಲ್ಲಿ ಸೇರಿಕೊಳ್ಳುತ್ತವೆ. ದೀಪಾವಳಿಗೆ ಮಾದಪ್ಪನ ಬೆಟ್ಟದ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಾಲರವೆ ಹಳ್ಳದಿಂದ ಕಾಡುದಾರಿಯಲ್ಲಿ ನೀರು ಹೊತ್ತು ತರುವ ಮೆರವಣಿಗೆಯಲ್ಲಿ ವಾದ್ಯದ ಸದ್ದು ಅಲಂಕಾರಕ್ಕಷ್ಟೇ ಎಂದು ಕಾಡು ಬಲ್ಲವರು ಹೇಳಲಾರರು.

ಈ ವಾದದ ಹಿರಿಮೆ ಎಂದರೆ ಅದು ಹಾಡಿನ ಪದವನ್ನು ಬಿಟ್ಟು ಗಟ್ಟಿದನಿಯನ್ನೂ ಹೊತ್ತನ್ನೂ ವಿವರಿಸುತ್ತದೆ. ಆದರೆ ಅದಕ್ಕೆ ಹುಲಿಯೇ ಯಾಕೆ ವಾಹನ, ಜಿಂಕೆ ಯಾಕಲ್ಲ ಎಂದು ಕೇಳಿದರೆ ಉತ್ತರವಿಲ್ಲ.

ಕಾಡಿಗೆ ಬೇಲಿ ಬಿದ್ದ ಮೇಲೆ

ಕಳೆದ ಐವತ್ತು ವರ್ಷಗಳಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾಗಿದೆ. 1972ರ ವನ್ಯಜೀವಿ ಕಾಯ್ದೆ, 1974ರಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದ ವನ್ಯಧಾಮದ ಪಟ್ಟ, ಆಮೇಲೆ ಬೇಟೆಯೂ ಕುಮರಿ ಬೇಸಾಯವೂ ನಿಂತವು. ಒಳಗಿನ ಪೋಡುಗಳು ರಸ್ತೆ ಬದಿಗೆ ಬಂದವು. 1987ರಲ್ಲಿ ಕಾವೇರಿ ವನ್ಯಧಾಮ, 2013ರಲ್ಲಿ ಸುಮಾರು 906 ಚದರ ಕಿಲೋಮೀಟರಿನ ಮಲೆ ಮಹದೇಶ್ವರ ವನ್ಯಧಾಮ ಸೇರಿಕೊಂಡವು. 2011ರ ಆರಂಭದಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಮನ್ನಣೆ ದೇಶದಲ್ಲೇ ಮೊದಲು. ಹಕ್ಕು ಕೇಳುವಾಗ ಸೋಲಿಗರು ತಮ್ಮ ದೇವರು, ಮಾರಮ್ಮ, ವೀರು, ಕಲ್ಲುಗುಡಿಗಳ ಹೆಸರುಳ್ಳ ಪವಿತ್ರ ತಾಣಗಳನ್ನು ಗುರುತಿಸಿ ನಕ್ಷೆ ಮಾಡಿಸಿದ್ದರು. ಹಾಡಿನಲ್ಲಿ ಉಳಿದ ಜಾಗದ ಹೆಸರಿಗೆ ಕಾನೂನಿನ ತೂಕವೂ ಬರಬಹುದು ಎಂಬುದು ಹೊಸ ಸಂಗತಿ.

ಅತ್ತ ಕಂಸಾಳೆ ವೇದಿಕೆ ಏರಿತು, ಕ್ಯಾಸೆಟ್ಟಾಯಿತು, ದಸರಾ ಮೆರವಣಿಗೆಗೆ ಬಂತು. ಬೀಸು ಕಂಸಾಳೆಯ ಕಸರತ್ತು ಕಲಿಯುವ ಇಂದಿನ ಹುಡುಗ ತಾಳಬೆಟ್ಟವನ್ನು ಬಸ್ಸಿನಲ್ಲಿ ಮಾತ್ರ ಕಂಡಿರಬಹುದು. ಅವನ ಹಾಡಿನಲ್ಲಿ ಹುಲಿ ಹಾಗೆಯೇ ಇದೆ. ಸಂಪ್ರದಾಯದ ವಾದಿಗಳಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತುಬಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಮಾದಪ್ಪನ ವಾಹನಕ್ಕೇ ವಿಷವೇ ಎಂದು ನಾಡು ಬೆಚ್ಚಿತು. ಆದರೆ ಹಾಡಿನ ಹುಲಿ ಅಧಿಕಾರದ ಚಿತ್ರವಾಗಿದ್ದರೆ ಬೆಚ್ಚಬೇಕಾದ್ದಿಲ್ಲ: ದೇವರ ಕೆಳಗಿರುವ ಹುಲಿ ಬೇರೆ, ಕೊಟ್ಟಿಗೆಯ ಹಸು ಕಳೆದುಕೊಂಡವನ ಹುಲಿ ಬೇರೆ. ನೆಂಟಸ್ತನದ ವಾದ ನಿಜವಾಗಿದ್ದರೆ ಮಾತ್ರ ಆ ಸಾವು ಹಾಡಿನ ಬಗ್ಗೆ ಏನನ್ನಾದರೂ ಹೇಳೀತು.

ಬಗೆಹರಿಯದೆ ಉಳಿದದ್ದು

ಕಣ್ಣಿನ ಪ್ರಾಣಿಗಳು ಕತೆಯ ಮೂಲಕ, ಕಿವಿಯ ಪ್ರಾಣಿಗಳು ಭಾಷೆಯ ಮೂಲಕ ಈ ಸೀಮೆಯ ಹಾಡಿಗೆ ಬಂದಿರಬೇಕು ಎಂಬ ವಿವರಣೆ ಹೆಚ್ಚು ಸಂಗತಿಗಳನ್ನು ಹಿಡಿದಿಡುತ್ತದೆ. ಆದರೆ ಅದಕ್ಕೂ ತೂತುಗಳಿವೆ. ಮಾದೇಶ್ವರ ಕಾವ್ಯದಲ್ಲಿ ಬೇಟೆಗಾರರ ಮನೆಯ ಸಂಕಮ್ಮನ ಸಾಲು ಸೋಲಿಗರ ಹಾಡಿನಿಂದ ಏನನ್ನಾದರೂ ಪಡೆಯಿತೇ, ಅಥವಾ ಕೊಟ್ಟು ತೆಗೆದುಕೊಳ್ಳುವುದು ಎರಡೂ ಕಡೆ ನಡೆಯಿತೇ? ಹುಲಿವೀರಪ್ಪ ಮೊದಲೋ, ಹುಲಿವಾಹನ ಮೊದಲೋ? ಒಂದು ಇನ್ನೊಂದನ್ನು ನುಂಗಿದ್ದರೆ ಅದರ ಗುರುತು ಹಾಡಿನ ಯಾವ ಪದರದಲ್ಲಿದೆ?

ಇವಕ್ಕೆ ಉತ್ತರ ಹುಡುಕುವವರಿಗೆ ದೊಡ್ಡ ತೊಡಕು ಸಾಮಗ್ರಿಯದ್ದೇ. ಅಚ್ಚಾದ ಸಂಪುಟಗಳಲ್ಲಿ ಪದ ಉಳಿದಿದೆ, ದಾಟಿ ಉಳಿದಿಲ್ಲ. ಎಲ್ಲಿ ಉಸಿರು ಕಟ್ಟುತ್ತಾರೆ, ಎಲ್ಲಿ ಕಂಸಾಳೆ ನಿಲ್ಲಿಸುತ್ತಾರೆ, ಯಾವ ಹೆಸರು ಬಂದಾಗ ದನಿ ಬದಲಿಸುತ್ತಾರೆ ಎಂಬುದು ಪುಟದ ಮೇಲೆ ಕಾಣದು. ಬೆಟ್ಟದ ಹಕ್ಕಿಗಳ ಧ್ವನಿಮುದ್ರಣಗಳನ್ನು ಅದೇ ಬೆಟ್ಟದ ಹಾಡುಗಳ ಧ್ವನಿಮುದ್ರಣಗಳ ಪಕ್ಕದಲ್ಲಿಟ್ಟು, ಹಕ್ಕಿಯ ಹೆಸರನ್ನು ಮಾತಿನಲ್ಲಿ ಹೇಳುವಾಗಿನ ಸ್ವರ ಮತ್ತು ಹಾಡಿನಲ್ಲಿ ಬರುವಾಗಿನ ಸ್ವರ ಎಷ್ಟು ಹತ್ತಿರ ಎಂದು ಅಳೆದರೆ ಅನುಕರಣೆಯ ವಾದ ನಿಲ್ಲುತ್ತದೋ ಬೀಳುತ್ತದೋ ಗೊತ್ತಾದೀತು. ಕಾಡಿನಲ್ಲಿ ಹುಟ್ಟಿ ಬೆಳೆದ ಹಿರಿಯರ ಹಾಡನ್ನೂ ರಸ್ತೆ ಬದಿಯ ಪೋಡಿನಲ್ಲಿ ಬೆಳೆದವರ ಹಾಡನ್ನೂ ಹಾಗೆ ಹೋಲಿಸಲು ಇರುವ ಅವಕಾಶ ಒಂದು ತಲೆಮಾರಿನಷ್ಟು ಕಾಲದ್ದು.